ಅಂಬಿಗಿತ್ತಿಯ ಮೇಲೊಂದು ದೂರು

ಬಂಡೆಗೆ ಬಡಿದು ಮುಳುಗಿದ್ದ ದೋಣಿ ಮರುಕ್ಷಣವೇ ಮೇಲೆದ್ದು ಬಂದದ್ದನ್ನು ಅತ್ತೆ ನೋಡಿಬಿಟ್ಟರು.

ನೋಡಿದ್ದು ಕಂಪ್ಯೂಟರಿನ ಪರದೆಯ ಮೇಲೆ. ಊಟದ ಮೇಜಿನ ಆ ತುದಿಯಲ್ಲಿ ಅತ್ತೆ, ಈ ತುದಿಯಲ್ಲಿ ಸೊಸೆ, ನಡುವೆ ಕಡಲೆಕಾಯಿ ಸಿಪ್ಪೆಯ ರಾಶಿ. ಶನಿವಾರ ಮಧ್ಯಾಹ್ನವಾದರೆ ಸಾಕು, ಇಬ್ಬರೂ ಒಂದೇ ಆಟದ ಊರಿಗೆ ಹೊರಟುಬಿಡುತ್ತಾರೆ. ಅಲ್ಲಿ ಇನ್ನೂರು ಜನ ಒಂದೊಂದು ವೇಷ ತೊಟ್ಟು ಆ ವೇಷದ ಬದುಕನ್ನೇ ಬದುಕುತ್ತಾರೆ. ಹಲ್ಲಿನ ಡಾಕ್ಟರಾದ ಸೊಸೆ ಅಲ್ಲಿ ಅಂಬಿಗಿತ್ತಿ. ಬಸ್ ಕಂಡಕ್ಟರಾಗಿ ನಿವೃತ್ತರಾದ ಅತ್ತೆ ಹಲಗೆ ಕೊಯ್ಯುವವಳು. ಇದು ಸಾಲದೆಂಬಂತೆ ಇಬ್ಬರೂ ಆ ಊರಿನ ಆಟ ಕೆಡದಂತೆ ಕಾಯುವ ಒಂಬತ್ತು ಅಡ್ಮಿನ್‌ಗಳ ಪೈಕಿ. ಸೊಸೆಯೇ ಮುಖ್ಯಸ್ಥೆ, ಅತ್ತೆ ಅಡ್ಮಿನ್ ಆಗಿ ಇನ್ನೂ ಒಂದು ತಿಂಗಳು. ಅಡ್ಮಿನ್ ಆದವರು ಯಾರ ಕಣ್ಣಿಗೂ ಬೀಳದೆ ಹಾರಾಡಬಹುದು, ಬೇಕೆಂದದ್ದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಹುಟ್ಟಿಸಬಹುದು. ತಮ್ಮ ಸ್ವಂತ ವೇಷದ ಲಾಭಕ್ಕೆ ಮಾತ್ರ ಹಾಗೆ ಮಾಡುವಂತಿಲ್ಲ. ಆ ನಿಯಮ ಬರೆದವಳೂ ಸೊಸೆಯೇ.

"ಅದೇನಮ್ಮಾ ಅದು, ಮುಳುಗಿದ ದೋಣಿ ಹಂಗೇ ಎದ್ದು ಬಂತು?"

"ನೀವೆಲ್ಲಿದ್ರಿ ಅತ್ತೆ? ದಡದಲ್ಲಿ ಒಂದು ನರಪಿಳ್ಳೆನೂ ಇರ್ಲಿಲ್ವಲ್ಲ!"

"ಡ್ಯೂಟಿ ಮೇಲಿದ್ದೆ. ನಿನ್ನ ತಲೆ ಮೇಲೇ ತೇಲ್ತಾ ಇದ್ದೆ."

ಸೊಸೆಯ ಕಿವಿ ಕೆಂಪಾಯಿತು. "ಮೂರು ತಿಂಗಳ ಕೆಲಸ ಅತ್ತೆ. ಒಂದೊಂದು ಹಲಗೆನೂ ನಾನೇ ಕೂರಿಸಿದ್ದು. ಒಂದು ದರಿದ್ರ ಬಂಡೆಗೆ ಎಲ್ಲಾ ನೀರುಪಾಲಾಗ್ಬೇಕಾ? ಯಾರಿಗೂ ನಷ್ಟ ಇಲ್ಲ, ಯಾರೂ ನೋಡ್ಲೂ ಇಲ್ಲ."

"ನಾನು ನೋಡಿದ್ನಲ್ಲ."

"ನೀವು ಮನೆಯವರು!"

"ಆಹಾ! ಹೋದ ವಾರ ಮೀಸೆ ಮೇಷ್ಟ್ರನ್ನ ಒಂದು ಮೂಟೆ ಗೋಧಿಗೋಸ್ಕರ ಹದಿನೈದು ದಿನ ಅಧಿಕಾರ ಕಿತ್ಕೊಂಡು ಮೂಲೇಲಿ ಕೂರಿಸಿದ್ದು ಯಾರಮ್ಮಾ? ಪಾಪ, ಎಷ್ಟು ಗೋಗರೆದ್ರು ಆ ಮನುಷ್ಯ!"

ಮೀಸೆ ಮೇಷ್ಟ್ರು ಇನ್ನೊಬ್ಬ ಅಡ್ಮಿನ್. ಆಟದಲ್ಲಿ ಅವರದೊಂದು ರೊಟ್ಟಿ ಅಂಗಡಿ. ಅದಕ್ಕೆ ಒಂದು ಮೂಟೆ ಗೋಧಿ ಹುಟ್ಟಿಸಿಕೊಂಡು ಸಿಕ್ಕಿಬಿದ್ದಿದ್ದರು. ಆಗ ಸೊಸೆ ಸಭೆ ಕರೆದು, ಕಾಯುವವರೇ ಕದ್ದರೆ ಆಟಕ್ಕೇನು ಬೆಲೆ ಎಂದು ಅರ್ಧ ಗಂಟೆ ಭಾಷಣ ಬಿಗಿದಿದ್ದಳು. ಭಾಷಣ ಚೆನ್ನಾಗಿಯೇ ಇತ್ತು. ಅದೇ ಈಗ ತೊಂದರೆಯಾಗಿತ್ತು.

ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ಗಂಡ ಇಣುಕಿದ. "ಏನು, ಮನೆ ಜಗಳಾನಾ, ಆಟದ್ದಾ?"

"ಆಟದ್ದು," ಎಂದರು ಇಬ್ಬರೂ ಒಟ್ಟಿಗೆ.

"ಹಾಗಾದ್ರೆ ದೊಡ್ಡದೇ," ಎಂದು ಅವನು ಬಾಗಿಲು ಮುಂದೆ ಮಾಡಿಕೊಂಡ.

ಅತ್ತೆ ಎರಡೇ ಬೆರಳಲ್ಲಿ ಟಕಟಕ ಕುಟ್ಟತೊಡಗಿದರು. ದಿನಾಂಕ, ಸಮಯ, ಜಾಗ, ಒಂದೂ ಬಿಡಲಿಲ್ಲ. ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ರಿಪೋರ್ಟು ಬರೆದ ಕೈ. ಕಳಿಸುವ ಮುನ್ನ ಮಾತ್ರ ಬೆರಳು ಒಂದು ಗಳಿಗೆ ಹಾಗೇ ನಿಂತಿತು.

"ಬೇಜಾರಾಯ್ತಾ?"

"ಹೂಂ."

"ನಂಗೂ," ಎಂದವರೇ ಒತ್ತಿಬಿಟ್ಟರು.

ದೂರು ಠಣ್ ಎಂದು ಬಂದು ಬಿದ್ದದ್ದು ಸೊಸೆಯ ಪರದೆಗೇ. ತೀರ್ಮಾನ ಕೊಡಬೇಕಾದವಳು ಮುಖ್ಯಸ್ಥೆ, ಮುಖ್ಯಸ್ಥೆ ಎಂದರೆ ತಾನೇ! 'ತಳ್ಳಿಹಾಕು' ಎಂಬ ಗುಂಡಿ ಅಲ್ಲೇ ಇತ್ತು. ಒತ್ತಿದರೆ ಕೇಳುವವರು ಯಾರೂ ಇರಲಿಲ್ಲ. ದೋಣಿಯ ಹಾಯಿ ಗಾಳಿಗೆ ಉಬ್ಬಿ ಮುದ್ದಾಗಿ ಕಾಣುತ್ತಿತ್ತು. ಸೊಸೆ ಅದನ್ನು ನೋಡಿದಳು, ಗುಂಡಿಯನ್ನು ನೋಡಿದಳು, ಮೀಸೆ ಮೇಷ್ಟ್ರನ್ನು ನೆನೆದಳು. ಆಮೇಲೆ ಊರಿನ ನೋಟೀಸ್ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದಳು: "ಮುಳುಗಿದ ದೋಣಿಯನ್ನು ಅಡ್ಮಿನ್ ಅಧಿಕಾರದಿಂದ ಎತ್ತಿದ್ದು ನಾನು. ತಪ್ಪಾಯಿತು. ದೋಣಿ ನೀರಿಗೆ ವಾಪಸ್. ಹದಿನೈದು ದಿನ ನನಗೂ ಅಧಿಕಾರವಿಲ್ಲ."

ಬರೆದು, ದೋಣಿಯನ್ನು ತನ್ನ ಕೈಯಾರೆ ಮುಳುಗಿಸಿದಳು. ಹಾಯಿಯ ತುದಿಯೂ ಕಾಣದಂತಾದಾಗ ನಿಜವಾಗಿಯೂ ಕಣ್ಣು ತುಂಬಿ ಬಂತು. ದಿನಕ್ಕೆ ಹತ್ತು ಜನರ ಹಲ್ಲು ಕೀಳುವವಳಿಗೆ ಕೀಳಿಸಿಕೊಳ್ಳುವವರ ಸಂಕಟ ಅವತ್ತು ಅರ್ಥವಾಯಿತು. ಆದರೂ ಎದೆಯೊಳಗೆ ಏನೋ ಹಗುರವಾಗಿತ್ತು. ಅಂಬಿಗಿತ್ತಿ ಮರಳಿನ ಮೇಲೆ ಮಂಡಿ ಮಡಚಿ ಕುಳಿತಳು.

ಐದು ನಿಮಿಷವೂ ಆಗಿರಲಿಲ್ಲ. ತಲೆಯ ಮೇಲೆ ಹಲಗೆಗಳ ಹೊರೆ ಹೊತ್ತು ಯಾರೋ ದಡದ ಕಡೆ ಬರುತ್ತಿದ್ದರು. ಹಲಗೆ ಕೊಯ್ಯುವವಳು!

"ಯಾಕಮ್ಮಾ ಅಂಬಿಗಿತ್ತಿ, ಹಿಂಗೆ ಕೂತಿದ್ದೀಯಾ?" ಎಂಬ ಅಕ್ಷರಗಳು ಪರದೆಯ ಮೇಲೆ ಮೂಡಿದವು.

ಸೊಸೆ ತಲೆಯೆತ್ತಿ ಮೇಜಿನ ಆ ತುದಿಯನ್ನು ನೋಡಿದಳು. ಅತ್ತೆಯ ಮುಖ ಗಂಭೀರವಾಗಿತ್ತು, ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ದೂರು ಕೊಟ್ಟ ಅಡ್ಮಿನ್ ಯಾರೆಂಬುದು ವೇಷ ತೊಟ್ಟವರಿಗೆ ಗೊತ್ತಿರಕೂಡದು. ಆಟದ ನಿಯಮವೇ ಹಾಗೆ. ಸೊಸೆ ನಗು ನುಂಗಿಕೊಂಡು ಟೈಪ್ ಮಾಡಿದಳು: "ನನ್ನ ದೋಣಿ ಹೋಯ್ತು ಅಕ್ಕಾ. ಯಾರೋ ದೂರು ಕೊಟ್ರಂತೆ."

"ಅಯ್ಯೋ ನಿನ್ನ! ಯಾವ ಮನೆಹಾಳಿ ಕಣೇ ಅವಳು?"

"ಗೊತ್ತಿಲ್ಲ ಅಕ್ಕಾ."

ಹಲಗೆ ಕೊಯ್ಯುವವಳು ಹೊರೆಯನ್ನು ಧೊಪ್ಪೆಂದು ಮರಳಿನ ಮೇಲೆ ಇಳಿಸಿದಳು. "ಏಳು, ಈ ತುದಿ ಹಿಡ್ಕೋ. ಸಿಗ್ಲಿ ಅವಳು, ಜುಟ್ಟು ಹಿಡಿದು ಕೇಳ್ತೀನಿ!"