ಅಳತೆ ಪುಸ್ತಕ

ಫೋನು ಬಡಿದುಕೊಂಡಾಗ ಟೈಲರ್ ಮಾಸ್ಟರ ಎರಡೂ ಕೈ ಬಟ್ಟೆಯ ಮೇಲಿದ್ದವು. ಎಂದಿನಂತೆ ಮೂಗಿನ ತುದಿಯಿಂದ ಒತ್ತಿ ಸ್ಪೀಕರಿಗೆ ಹಾಕಿದರು. “ನಮಸ್ಕಾರ ಸರ್,” ಎಂದಿತು ಒಂದು ಸಿಹಿ ದನಿ, ಅಂಗಡಿಗೆಲ್ಲ ಕೇಳುವಂತೆ. “ಮೂರು ವಾರದಿಂದ ಕೈ ನಡುಕಕ್ಕೆ ಚಿಕಿತ್ಸೆ ಹುಡುಕ್ತಿದ್ದೀರಲ್ಲ, ನಮ್ಮ ಆಸ್ಪತ್ರೇಲಿ ಈ ತಿಂಗಳು ರಿಯಾಯಿತಿ ಇದೆ.”

ಎದುರಿಗೆ ಹೋಟೆಲಿನ ಯಜಮಾನರು ನಿಂತಿದ್ದರು. ತಮ್ಮ ಇಪ್ಪತ್ತನಾಲ್ಕು ಜನ ಸಪ್ಲೈಯರುಗಳಿಗೆ ಕೋಟು ಹೊಲಿಸಲು ಬಟ್ಟೆ ತಂದಿದ್ದರು. ಅವರು ಫೋನು ನೋಡಿದರು, ಆಮೇಲೆ ಸೀಮೆಸುಣ್ಣ ಹಿಡಿದಿದ್ದ ಮಾಸ್ಟರ ಬೆರಳು ನೋಡಿದರು. “ಮುಂದಿನ ವಾರ ನೋಡೋಣ ಮಾಸ್ಟ್ರೇ” ಎಂದು ಬಟ್ಟೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಆ ಮುಂದಿನ ವಾರ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮೂಲೆಯಲ್ಲಿ ಕಾಜ ಹಾಕುತ್ತಿದ್ದ ಹೆಂಡತಿ ಸೂಜಿ ಕೆಳಗಿಟ್ಟಳು.

“ಇಪ್ಪತ್ತೆಂಟು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದೀನಿ. ನನಗೆ ಹೇಳೋದು ಬಿಟ್ಟು ಇಂಟರ್‌ನೆಟ್ಟಿಗೆ ಹೇಳಿದ್ರಾ?”

“ಅದು ಯಾರಿಗೂ ಹೇಳಲ್ಲ ಅಂದ್ಕೊಂಡಿದ್ದೆ ಕಣೇ.”

ಮರುದಿನದ ಪತ್ರಿಕೆಯಲ್ಲಿ ಗುಟ್ಟು ರಟ್ಟಾಯಿತು. ಊರಿನ ಮುಕ್ಕಾಲು ಮನೆಗಳಿಗೆ ಇಂಟರ್‌ನೆಟ್ ಕೊಡುತ್ತಿದ್ದ ಕಂಪನಿ, ಯಾರು ಏನು ನೋಡಿದರು, ಏನು ಹುಡುಕಿದರು ಎಂಬ ಪಟ್ಟಿಯನ್ನೆಲ್ಲ ಕೇಳಿದವರಿಗೆ ಮಾರಿಕೊಂಡಿತ್ತು. ಮಾಸ್ಟರು ಗೋಡೆಯಿಂದ ವೈಫೈ ಡಬ್ಬ ಕಿತ್ತು ಚೀಲಕ್ಕೆ ಹಾಕಿಕೊಂಡರು. ಹೆಂಡತಿ ಅದೇ ಚೀಲಕ್ಕೆ ದಪ್ಪನೆಯ ಅಳತೆ ಪುಸ್ತಕವನ್ನೂ ತುರುಕಿದಳು. “ಆ ಕಂಪನಿ ಮೇನೇಜರ ಕೋಟು ಹೊಲಿದೋರು ನೀವೇ ತಾನೆ? ಬೇಕಾಗುತ್ತೆ, ಇಟ್ಕೊಳ್ಳಿ.” ಆ ಪುಸ್ತಕವನ್ನು ಅವಳು ಕೂಡ ಒಂದು ದಿನವೂ ಬಿಡಿಸಿ ನೋಡಿದವಳಲ್ಲ.

ಕಂಪನಿಯ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಲವರು ಮಾಸ್ಟರಂತೆಯೇ ಡಬ್ಬ ಕಿತ್ತು ತಂದಿದ್ದರು. ಎಲ್ಲರಿಗೂ ಸಿಟ್ಟು ನೆತ್ತಿಗೇರಿತ್ತು, ಆದರೆ ಎಲ್ಲರೂ ಪಿಸುಗುಡುತ್ತಿದ್ದರು. ಗಟ್ಟಿಯಾಗಿ ಕೂಗಿದರೆ ‘ಇವರ ಪಟ್ಟಿಯಲ್ಲಿ ಅಂಥದ್ದೇನಿತ್ತಪ್ಪ’ ಎಂದು ಪಕ್ಕದವರು ತಿರುಗಿ ನೋಡುತ್ತಾರಲ್ಲ! ಆ ನಾಚಿಕೆಯೇ ಕಂಪನಿಗೆ ಕಾವಲು ನಿಂತಿತ್ತು. ಕೌಂಟರಿನ ಆಚೆ ಮೇನೇಜರು, ಮಾಸ್ಟರೇ ಹೊಲಿದಿದ್ದ ಬೂದು ಕೋಟು ತೊಟ್ಟು, ನಗುನಗುತ್ತಲೇ ಒಬ್ಬೊಬ್ಬರನ್ನೂ ಸಾಗಹಾಕುತ್ತಿದ್ದರು.

“ಕನೆಕ್ಷನ್ ಫಾರ್ಮಿನ ಹದಿನಾಲ್ಕನೇ ಪುಟದಲ್ಲಿ ಎಲ್ಲಾ ಬರೆದಿದೆ ಮಾಸ್ಟ್ರೇ. ನೀವೇ ಸಹಿ ಹಾಕಿದೀರಿ. ಅಷ್ಟಕ್ಕೂ, ಮುಚ್ಚಿಡೋಂಥದ್ದು ಏನೂ ಇಲ್ದೋರಿಗೆ ಯಾಕೆ ಭಯ?”

ಮಾಸ್ಟರಿಗೆ ಮೈಯೆಲ್ಲ ಉರಿಯಿತು. ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಬೆರಳುಗಳು ತಮ್ಮ ಪಾಡಿಗೆ ತಾವು ಅಲುಗಾಡುತ್ತಿದ್ದವು.

“ನೋಡಿ, ನನ್ನ ಕೈ ನಡುಗುತ್ತೆ. ಇದೇ ನೀವು ಮಾರಿದ್ದು. ಇನ್ನು ಅದನ್ನ ಯಾರೂ ಕೊಳ್ಳಬೇಕಾಗಿಲ್ಲ, ನಾನೇ ಎಲ್ಲರಿಗೂ ಹೇಳಿಬಿಟ್ಟೆ.” ಪಿಸುಮಾತು ನಿಂತುಹೋಯಿತು. ಮಾಸ್ಟರು ಚೀಲದಿಂದ ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರು. “ಈಗ ನಿಮ್ಮದು. ಮುಚ್ಚಿಡೋಂಥದ್ದು ಏನೂ ಇಲ್ಲ ಅಂದ್ರಲ್ಲ, ಓದ್ಲಾ?”

ಪ್ರತಿಯೊಬ್ಬರ ಅಳತೆಯ ಕೆಳಗೆ ಮಾಸ್ಟರು ಪೆನ್ಸಿಲಿನಲ್ಲಿ ಎರಡು ಸಾಲು ಬರೆದಿಡುತ್ತಿದ್ದರು. ಮೈಯಲ್ಲಿ ಏನು ಹೆಚ್ಚುಕಮ್ಮಿ ಇದೆ, ಅದನ್ನು ಬಟ್ಟೆಯಲ್ಲಿ ಹೇಗೆ ಮರೆಸಬೇಕು ಎಂದು. ಟ್ರಯಲ್ ಕೋಣೆಯ ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ ತಮ್ಮ ಪುಟದ ಎರಡು ಸಾಲು ಬರೆಸಿದವರು ಸ್ವತಃ ಮೇನೇಜರೇ. ಅವರ ಮುಖದ ನಗು ಹೇಳಹೆಸರಿಲ್ಲದೆ ಮಾಯವಾಯಿತು.

“ಮಾಸ್ಟ್ರೇ, ಬೇಡ. ದಯವಿಟ್ಟು.”

“ಓದಿ, ಓದಿ!” ಎಂದು ಹಿಂದಿನಿಂದ ಜನ ಕೂಗಿದರು. ಈಗ ಎಲ್ಲರಿಗೂ ಗಂಟಲು ಬಂದಿತ್ತು.

ಮಾಸ್ಟರಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಕಂಕುಳಲ್ಲಿ ಹೋದ ಇಪ್ಪತ್ತನಾಲ್ಕು ಕೋಟಿನ ಬಟ್ಟೆ ಕಣ್ಣ ಮುಂದೆ ಬಂತು. ನಾಲಿಗೆ ತುದಿಯವರೆಗೆ ಬಂದಿದ್ದನ್ನು ನುಂಗಿ, ಪುಸ್ತಕವನ್ನು ಪಟ್ಟೆಂದು ಮುಚ್ಚಿದರು.

“ಈ ಊರಿನ ಅರ್ಧ ಜನ ಇದರಲ್ಲಿದಾರೆ. ಫಾರ್ಮಿಲ್ಲ, ಸಹಿಯಿಲ್ಲ. ಆದರೂ ಇಲ್ಲೀತನಕ ಒಂದು ಸಾಲೂ ಹೊರಗೆ ಹೋಗಿಲ್ಲ. ನಿಮ್ಮದೂ ಹೋಗಲ್ಲ, ಹೆದರ್ಬೇಡಿ.” ವೈಫೈ ಡಬ್ಬವನ್ನು ಕೌಂಟರಿನ ಮೇಲೆ ಕುಕ್ಕಿದರು. “ಇದನ್ನ ಮಾತ್ರ ನೀವೇ ಇಟ್ಕೊಳ್ಳಿ.”

ಹಿಂದೆ ನಿಂತಿದ್ದ ನಿವೃತ್ತ ಟೀಚರೊಬ್ಬರು ಜನರನ್ನು ಮೊಣಕೈಯಿಂದ ಸರಿಸಿಕೊಂಡು ಮುಂದೆ ಬಂದು ತಮ್ಮ ಡಬ್ಬವನ್ನೂ ಪಕ್ಕದಲ್ಲಿಟ್ಟರು. “ನಂದೂ ಕೇಳ್ಕೊಳ್ಳಿ. ಅರವತ್ತೆರಡನೇ ವಯಸ್ಸಿಗೆ ನನಗೇ ಗಂಡು ಹುಡುಕ್ತಾ ಇದ್ದೆ. ಏನೀಗ?” ಕಚೇರಿ ತುಂಬ ನಗೆ ಎದ್ದಿತು. ಆದರೆ ಯಾರೂ ಅವರನ್ನು ಆಡಿಕೊಂಡು ನಗುತ್ತಿರಲಿಲ್ಲ. ಮೂರನೆಯ ಡಬ್ಬ ಬಂತು, ನಾಲ್ಕನೆಯದು ಬಂತು. ಸ್ವಲ್ಪ ಹೊತ್ತಿಗೆ ಡಬ್ಬಗಳ ರಾಶಿಯ ಹಿಂದೆ ಮೇನೇಜರ ಕೋಟಿನ ಕಾಲರು ಮಾತ್ರ ಕಾಣುತ್ತಿತ್ತು.

ಮೆಟ್ಟಿಲಿಳಿಯುವಾಗ ಟೀಚರು ಮಾಸ್ಟರನ್ನು ಹಿಂದಿನಿಂದ ಕರೆದರು.

“ನಿಮ್ಮ ಅಂಗಡಿ ಎಲ್ಲಿ ಮಾಸ್ಟ್ರೇ? ಗಂಡು ಸಿಕ್ಕಿದ ದಿನ ಇಬ್ಬರ ಬಟ್ಟೇನೂ ನಿಮ್ಮ ಹತ್ರಾನೇ ಹೊಲಿಸೋದು.”

“ಕೈ ನಡುಗುತ್ತೆ ಅಂದ್ನಲ್ಲ ಟೀಚರ್.”

“ನಡುಗ್ಲಿ ಬಿಡಿ,” ಎಂದರು ಟೀಚರು. “ಬಾಯಿ ಬಿಗಿಯಿದೆಯಲ್ಲ.”