ಸಾವಿರ ವರ್ಷದ ‘ಅಲ್ಲ’

“ಹುಡುಗಿ ಸುಮ್ನಿದ್ದಾಳೆ. ಅಂದ್ರೆ ಒಪ್ಪಿಗೆ ತಾನೆ, ತೂಬಾ ಖಾನುಮ್?” ಎಂದು ಕೋಮ್ ನಗರದಿಂದ ಬಂದ ವರನ ತಾಯಿ ಫಾರ್ಸಿಯಲ್ಲಿ ಅಜ್ಜಿಯನ್ನು ಕೇಳಿದಾಗ, ಮೊಮ್ಮಗಳು ಸನಮ್ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಇರಾನಿನಲ್ಲಿ ಹಳೆಯ ತುರ್ಕಿ ಮಾತೊಂದನ್ನು ಉಳಿಸಿಕೊಂಡಿದ್ದ ಖಲಜರ ಆ ಹಳ್ಳಿಯಲ್ಲಿ ಹೆಣ್ಣಿನ ಮೌನಕ್ಕೆ ಬೇರೆ ಅರ್ಥವಿರಲಿಲ್ಲ.

ಮೂಲೆಯಲ್ಲಿ ಕೂತ ಭಾಷಾ ಸಂಶೋಧಕಿ ಸೆವ್ದಾ ತಬ್ರೀಜಿನಿಂದ ಬಂದಿದ್ದೇ ಒಂದು ಪದಕ್ಕಾಗಿ. ಖಲಜರು ‘ಅಲ್ಲ’ ಎನ್ನುವುದಕ್ಕೆ ‘ದಗ್’ ಎನ್ನುತ್ತಾರೆ. ಅವಳ ಊರಿನ ತುರ್ಕಿ ಮಾತಿನಲ್ಲಿ ‘ದೆಯಿಲ್’ ಎಂದು ಸವೆದುಹೋದ ಆ ಸಾವಿರ ವರ್ಷದ ಪದ ಇಲ್ಲಿ ಹಾಗೇ ಉಳಿದಿತ್ತು. ಮೂರು ದಿನದಿಂದ ರೆಕಾರ್ಡರ್ ಹಿಡಿದು ಕಾಡಿದರೂ ಅಜ್ಜಿ ಆ ಪದವನ್ನು ಆಡಿರಲಿಲ್ಲ. “ಯಾರೂ ಏನೂ ಕೇಳ್ದೆ ಸುಮ್‌ಸುಮ್ನೆ ಅಲ್ಲ ಅನ್ನೋಕೆ ನಂಗೇನ್ ಹುಚ್ಚೇನೇ?” ಎಂದು ನಕ್ಕಿದ್ದಳು. ಸನಮ್ ಅಂತೂ ಖಲಜರ ಭಾಷೆ ಹಳ್ಳಿ ಮಾತೆಂದು ನಾಚಿ, ಫಾರ್ಸಿ ಬಿಟ್ಟು ಬೇರೆ ಆಡುತ್ತಲೇ ಇರಲಿಲ್ಲ.

ಈಗ ಸನಮ್ ವರನ ತಾಯಿಯನ್ನು ದಾಟಿ ಹೋಗಿ ತಟ್ಟೆಯನ್ನು ಅಜ್ಜಿಯ ಮುಂದಿಟ್ಟಳು. ನೆಟ್ಟಗೆ ನಿಂತು, “ದಗ್” ಎಂದಳು.

“ಏನಂದ್ಲು?” ವರನ ತಾಯಿ ಎಲ್ಲರ ಮುಖ ನೋಡಿದಳು.

ತೂಬಾ ಸಕ್ಕರೆ ತುಂಡನ್ನು ಹಲ್ಲಲ್ಲಿ ಕಚ್ಚಿ, ನಿಧಾನಕ್ಕೆ ಒಂದು ಗುಟುಕು ಚಹಾ ಹೀರಿದಳು. ಆಮೇಲೆ ಸೆವ್ದಾಳ ಕಡೆ ತಿರುಗಿದಳು.

“ಓದ್ದೋಳು ನೀನು. ಇವ್ರಿಗೆ ಅರ್ಥ ಹೇಳಮ್ಮ.”