ಎರಡು ಮಸೂದೆಗಳು

“ಜಪ್ತಿಯಾದ ಕೋವಿಗಳನ್ನ ವಾಪಸು ಕೊಡೋ ನಮ್ಮ ಮಸೂದೆಗೆ ನೀವು ಕೈ ಎತ್ತಿ ಮೇಡಂ. ಚೂರು ಗಾಂಜಾಕ್ಕೆಲ್ಲ ಜೈಲು ಬೇಡ ಅನ್ನೋ ನಿಮ್ಮ ಮಸೂದೆಗೆ ನಾವು ಎತ್ತುತ್ತೀವಿ. ಸಂಕ್ರಾಂತಿ ಎಳ್ಳು ಬೀರಿದ ಹಾಗೆ,” ಎಂದು ಎದುರು ಪಕ್ಷದ ಶಾಸಕ ನಕ್ಕ.

ಶಾಸಕಿ ಮಂದಾಕಿನಿಗೆ ಕೂತಲ್ಲಿ ಕೂರಲಾಗಲಿಲ್ಲ. ಗಾಂಜಾ ಸೇದಿ ಸಿಕ್ಕಿಬಿದ್ದ ತಂಗಿಯ ಮಗ ಎಂಟು ತಿಂಗಳಿಂದ ಜೈಲಿನಲ್ಲಿದ್ದ. ಅವನನ್ನು ಬಿಡಿಸೆಂದು ತಂಗಿ ದಿನವೂ ಅಳುತ್ತಿದ್ದಳು. ಮತದ ಗಂಟೆ ಹೊಡೆಯುವ ಮೊದಲೇ ಮಂದಾಕಿನಿ ಹೊರಗೆ ಬಂದು ಅವಳಿಗೆ ಫೋನು ಮಾಡಿದಳು.

“ಚಂಪಾ, ನಾನು ಒಪ್ಪಿದರೆ ನಿನ್ನ ಮಗ ಹೊರಗೆ ಬರ್ತಾನೆ ಕಣೇ. ಆದರೆ ಜಪ್ತಿಯಾಗಿದ್ದ ನಿನ್ನ ಗಂಡನ ಕೋವಿನೂ ಮನೆಗೆ ವಾಪಸು ಬರುತ್ತೆ.”

ತಂಗಿ ದನಿ ತಗ್ಗಿಸಿದಳು.

“ಮಗನ ಮೇಲೆ ಇವರ ಸಿಟ್ಟು ಇನ್ನೂ ಇಳಿದಿಲ್ಲ ಅಕ್ಕ. ಅವನು ಜೈಲಲ್ಲೇ ಇರಲಿ ಬಿಡು, ಅಲ್ಲಿ ಬದುಕಿಯಾದರೂ ಇರ್ತಾನೆ.”